ಸೀಸರ್ ಎಳೆದ ದಾರಿ

ಜೂನ್ 6, 1983, ಸೋಮವಾರ

ಬೆಳಗಿನ ಮೂರು ನಾಯಿ ವಾಕಿಂಗ್ ಮುಗೀತು. ಏರ್‌ಫೋರ್ಸ್ ಮನೆಯ ಡಾಬರ್‌ಮನ್ ಇವತ್ತೂ ಹಾಲಿನವನ ಸೈಕಲ್ ಹಿಂದೆ ಬಿದ್ದು ನನ್ನ ತೋಳು ಕಿತ್ತು ಕೈಗೆ ಕೊಟ್ಟ. ಚಪ್ಪಲಿ ಉಂಗುಟ ಹೋಯ್ತು. ಪಿನ್ ಚುಚ್ಚಿಕೊಂಡು ಮನೆ ತನಕ ಬಂದೆ.

ಅತ್ತಿಗೆ ತಿಂಡಿ ಬಡಿಸ್ತಾ — "ಮೇಡಂ ಡ್ಯೂಟಿ ಮುಗೀತಾ?" ನಾನು — "ಮುಗೀತು, ಇನ್ನೊಂದು ಸೌಟು ಉಪ್ಪಿಟ್ಟು ಹಾಕಿ." ಅಣ್ಣ ಪೇಪರ್ ಹಿಂದೆ ನಕ್ಕ. ಟೈಪಿಂಗ್ ಸೀನಿಯರ್ ಪಾಸಾದವಳು ಜಾಲಹಳ್ಳಿ ಬೀದೀಲಿ ಊರವರ ನಾಯಿ ಓಡಿಸ್ತಾಳೆ ಅಂತ ಅತ್ತಿಗೆಗೆ ತಲೆ ಎತ್ತೋಕಾಗಲ್ವಂತೆ. ಬೀದಿ ಮಕ್ಕಳು ನನ್ನ ನಾಯಿ ಟೀಚರ್ ಅಂತಾರೆ, ಅದಂತೂ ಇನ್ನೂ ಅವಮಾನವಂತೆ. ನನಗೇನಿಲ್ಲಪ್ಪ. ಟೈಪ್‌ರೈಟರ್ ನನ್ನ ಕಂಡು ಯಾವತ್ತೂ ಬಾಲ ಅಲ್ಲಾಡಿಸಿಲ್ಲ.

ಸಂಜೆ ಹೊಸ ನಾಯಿ. ಕಾಲೋನಿಯ ಕೊನೇ ಕ್ರಾಸ್, ವೆಂಕಟಸುಬ್ಬಯ್ಯನವರ ಮನೆ. ಫ್ಯಾಕ್ಟರೀಲಿ ಫೋರ್‌ಮನ್ ಆಗಿದ್ದು ರಿಟೈರ್ ಆದವರು. ಯುಗಾದಿ ಕಳೆದ ವಾರ ಲಕ್ವ ಹೊಡೀತಂತೆ. ಬಲಗೈ ಬಲಗಾಲು ಏಳಲ್ಲ, ಮಾತಿಲ್ಲ. ನೋಡ್ಕೊಳ್ಳೋಕೆ ಹೆಂಡತಿ ಸತ್ಯವತಮ್ಮ ಒಬ್ಬರೇ. ನಾಯಿ ಹೆಸರು ಸೀಸರ್. ಅರ್ಧ ಅಲ್ಸೇಷಿಯನ್, ಅರ್ಧ ಬೀದೀದು. ಓಡಾಟ ಇಲ್ಲದೆ ಊದಿಕೊಂಡಿದೆ. ಹಿತ್ತಲ ಬಾಗಿಲ ಚೌಕಟ್ಟು ಕಡಿದು ಹಾಕಿದೆ, ತುಳಸಿ ಕಟ್ಟೆ ಸುತ್ತ ಗುಂಡಿ.

"ಇವರು ದಿನಾ ಸಂಜೆ ಕರ್ಕೊಂಡು ಹೋಗೋರು. ವಾಪಸ್ ಬಂದ್ರೆ ತೆಪ್ಪಗೆ ಮಲಗ್ತಿತ್ತು. ಈಗ ನೋಡು, ನನ್ನ ಮನೇನೇ ತಿಂತಿದೆ" ಅಂದ್ರು ಸತ್ಯವತಮ್ಮ. "ಅದಕ್ಕೆ ಸುಸ್ತಾಗೋ ಹಾಗೆ ಮಾಡಮ್ಮ, ಸಾಕು."

ಮಕ್ಕಳಿಲ್ವಾ ಅಂತ ಕೇಳಿದೆ. ನನ್ನ ನಾಲಿಗೆ, ಸುಮ್ಮನಿರಲ್ಲ.

"ಒಬ್ಬಳಿದ್ದಳು" ಅಂದ್ರು. ಒಳಗೆ ಮಂಚದ ಕಡೆ ನೋಡಿ ಧ್ವನಿ ಇಳಿಸಿದ್ರು. "ಆ ವಿಷಯ ಇವರ ಕಿವಿಗೆ ಬೀಳೋ ಹಾಗೆ ಎತ್ತಬೇಡ. ಹೆಸರು ಕೇಳಿದ್ರೇ ಆಗಲ್ಲ ಇವರಿಗೆ. ಬಿಪಿ ಏರಿದ್ರೆ ಕಷ್ಟ ಅಂದಿದಾರೆ ಡಾಕ್ಟ್ರು."

ಇದ್ದಳು ಅಂದ್ರೆ — ಸತ್ತಳಾ? ಎಲ್ಲಾದ್ರೂ ಹೋದಳಾ? ಬೆಳಗ್ಗೆಯಿಂದ ಬೇರೆ ಏನೂ ಕೊರೀದಿದ್ದ ತಲೇಲಿ ಈಗ ಇದು ಕೊರೀತಿದೆ.

ಜೂನ್ 8, ಬುಧವಾರ

ಎರಡು ಸಂಜೆ ಮೈದಾನದಲ್ಲಿ ಓಡಿಸಿದೆ. ಚೆಂಡು, ಕೋಲು, ಎಲ್ಲಾ ಆಯ್ತು. ನನಗೆ ಏದುಸಿರು, ಅವನಿಗೆ ಬರೀ ಬೇಜಾರು. ಮನೆಗೆ ಬಿಟ್ಟು ಗೇಟ್ ಹಾಕೋಷ್ಟರಲ್ಲಿ ಮತ್ತೆ ಗುಂಡಿ ತೋಡೋ ಸದ್ದು.

ಎಂಥ ನಾಯಿಯೂ ಇಷ್ಟು ಓಡಿದ್ರೆ ಬಿದ್ಕೊಳ್ಳುತ್ತೆ. ಇವನಿಗೆ ಕಾಲು ಸೋತಿದೆ, ಮನಸ್ಸು ಸೋತಿಲ್ಲ. ಒಂದು ವಿಷಯ ನೋಡಿದೀನಿ — ಗೇಟ್ ದಾಟಿದ ತಕ್ಷಣ ಎಡಕ್ಕೆ ಎಳೀತಾನೆ. ಮೈದಾನ ಬಲಕ್ಕಿದೆ. ದಿನಾ ಅದೇ ಜಗಳ. ಎಡಗಡೆ ಏನಿದೆ? ನೀಲಗಿರಿ ತೋಪು, ಆಮೇಲೆ ಜಾಲಹಳ್ಳಿ ಕ್ರಾಸ್. ಅಷ್ಟೇ ಅಲ್ವಾ?

ನಾಳೆ ಅವನ ಇಷ್ಟಕ್ಕೆ ಬಿಟ್ಟು ನೋಡ್ತೀನಿ. ಹೊಸ ನಾಯೀನ ಮೊದಲ ದಿನವೇ ಅದರ ದಾರೀಲಿ ಬಿಡಬೇಕಿತ್ತು, ಬೇರೆಯವಕ್ಕೆಲ್ಲ ಹಾಗೇ ಮಾಡೋದು. ಇವನ ಹೊಟ್ಟೆ ನೋಡಿ ಓಡಿಸಬೇಕು ಅಂತ ಅವಸರ ಮಾಡ್ಬಿಟ್ಟೆ.

ಜೂನ್ 9, ಗುರುವಾರ

ಚೈನ್ ಸಡಿಲ ಬಿಟ್ಟೆ. ಬೇರೆ ನಾಯೀನೇ ಆಗ್ಬಿಟ್ಟ ಕಣ್ರೀ. ಎಳೀಲಿಲ್ಲ, ಮೂಸ್ತಾ ನಿಲ್ಲಲಿಲ್ಲ. ಆಫೀಸಿಗೆ ಹೊರಟವರ ಹಾಗೆ ನಡೆದ. ತೋಪಿನ ಒಳಗೆ ಕಾಲುದಾರಿ, ಕ್ರಾಸಿನ ಬೀಡಾ ಅಂಗಡಿ ಮುಂದೆ ಒಂದು ನಿಮಿಷ ನಿಂತ. ಅಂಗಡಿಯವನು ಬಗ್ಗಿ ನೋಡಿ — "ಏನಮ್ಮ, ಸೀಸರ್ ಬಂದ, ಯಜಮಾನ್ರು ಎಲ್ಲಿ? ಪೆಪ್ಪರ್‌ಮಿಂಟ್ ತಗೊಳ್ದೆ ಹೋಗ್ತಿರ್ಲಿಲ್ಲ." ಅವರಿಗೆ ಹುಷಾರಿಲ್ಲ ಅಂದೆ. ಅರವತ್ತು ದಾಟಿದ ಫೋರ್‌ಮನ್ನಿಗೆ ದಿನಾ ಪೆಪ್ಪರ್‌ಮಿಂಟ್ ಯಾಕೆ?

ಆಮೇಲೆ ತುಮಕೂರು ರೋಡು. ಲಾರಿ ಮೇಲೆ ಲಾರಿ. ಸೀಸರ್ ರೋಡಿನ ಅಂಚಲ್ಲಿ ತಾನೇ ಕೂತ. ಆ ಕಡೆ ದಾಟಬೇಕು ಅಂತ ಪೀಣ್ಯದ ಕಡೆ ನೋಡ್ತಾ ಕೂತ. ಕತ್ತಲಾಗ್ತಿತ್ತು, ನನಗೆ ಧೈರ್ಯ ಸಾಲಲಿಲ್ಲ. ವಾಪಸ್ ಎಳ್ಕೊಂಡು ಬಂದೆ. ದಾರಿ ಪೂರ್ತಿ ಹಿಂದೆ ತಿರುಗಿ ನೋಡ್ತಾ ಬಂದ, ಪಾಪ.

ಜೂನ್ 11, ಶನಿವಾರ

ದಾಟಿದೆ.

ಪೀಣ್ಯ ಎಸ್ಟೇಟ್ ಒಳಗೆ ಶೆಡ್ಡುಗಳ ಸಾಲು, ಎರಡನೇ ಶಿಫ್ಟಿನ ಲೇತ್ ಸದ್ದು, ಕೆಳಗೆಲ್ಲ ಕಬ್ಬಿಣದ ಸಿಬರು. ಕಾಲಿಗೆ ಚುಚ್ಚುತ್ತೆ ಅಂತ ಸೀಸರ್‌ಗೆ ಗೊತ್ತು, ಚರಂಡಿ ಕಟ್ಟೆ ಮೇಲೆ ಹತ್ತಿ ನಡೆದ. ಶೆಡ್ ಹಿಂದೆ ಶೀಟ್ ಮನೆಗಳ ಗಲ್ಲಿ. ಮೂರನೇ ಮನೆ ಮುಂದೆ ಹೋಗಿ ಬೊಗಳಿದ.

ಒಂದು ಪುಟ್ಟ ಹುಡುಗಿ ಓಡಿ ಬಂತು. ನಾಯಿ ಕುತ್ತಿಗೆ ತಬ್ಬಿಕೊಂಡು, ನನ್ನ ಹಿಂದೆ ಇಣುಕಿ ನೋಡಿ — "ತಾತ ಎಲ್ಲಿ?"

ಹಿಂದೆಯೇ ಅವಳ ತಾಯಿ. ಕೈಯೆಲ್ಲ ಸೋಪಿನ ನೊರೆ. ಆ ಮುಖ ನೋಡಿದ ತಕ್ಷಣ ಗೊತ್ತಾಯ್ತು. ಸತ್ಯವತಮ್ಮನ ಮೂಗು, ಸತ್ಯವತಮ್ಮನ ಗದ್ದ.

ಇಂದುಮತಿ ಅಂತ ಹೆಸರು. ಪೀಣ್ಯದ ವರ್ಕ್‌ಶಾಪಲ್ಲಿ ಫಿಟ್ಟರ್ ಆಗಿರೋ ನಲ್ಲಪ್ಪನ್ನ ಮದುವೆ ಆದ್ಲು. ಬೇರೆ ಜಾತಿ. ಅಪ್ಪ ನೆಂಟರ ಎದುರಿಗೆ "ನನಗೆ ಮಗಳಿಲ್ಲ" ಅಂತ ತಲೆಗೆ ನೀರು ಹುಯ್ಕೊಂಡರಂತೆ. ವರ್ಷ ತಿರುಗೋದ್ರೊಳಗೆ ಒಂದು ಸಂಜೆ ನಾಯಿಮರಿ ಹಿಡ್ಕೊಂಡು ಗಲ್ಲಿ ಬಾಯಲ್ಲಿ ನಿಂತಿದ್ರಂತೆ. ಅವತ್ತಿಂದ ದಿನಾ. ಐದು ವರ್ಷ. ಬಂದು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದು, ಮೊಮ್ಮಗಳಿಗೆ ಪೆಪ್ಪರ್‌ಮಿಂಟ್ ಕೊಟ್ಟು ಹೋಗೋದು.

ಅಪ್ಪನಿಗೆ ಲಕ್ವ ಅಂತ ಇವಳಿಗೆ ಗೊತ್ತೇ ಇಲ್ಲ. ಬರೋದು ನಿಲ್ಲಿಸಿದ್ರು, ಬೇಜಾರಾಗಿರಬೇಕು ಅಂದ್ಕೊಂಡಿದ್ಲು. ನಲ್ಲಪ್ಪ ಒಂದು ಸಲ ಮನೆ ಗೇಟ್ ತನಕ ಹೋಗಿ, ಬಾಗಿಲು ತಟ್ಟೋಕೆ ಧೈರ್ಯ ಬರದೆ ವಾಪಸ್ ಬಂದನಂತೆ. ನಾನು ಹೇಳಿದೆ. ನಿಂತಲ್ಲೇ ಕೂತು ಅತ್ತಳು. ಮಗು ಅವಳ ಕಣ್ಣೂ ಒರೆಸ್ತು, ನಾಯಿ ಕಣ್ಣೂ ಒರೆಸ್ತು.

ಸೀಸರ್ ಮನೆಗೆ ಬಂದವನೇ ನೀರು ಕುಡಿದು ಬಿದ್ಕೊಂಡ. ಗುಂಡಿ ಇಲ್ಲ, ಕಡಿಯೋದಿಲ್ಲ. ಸತ್ಯವತಮ್ಮ — "ಏನಮ್ಮ ಮಾಡಿದೆ ಇದಕ್ಕೆ?" ನಾನು — "ಸ್ವಲ್ಪ ದೂರ ನಡೆಸಿದೆ."

ಜೂನ್ 13, ಸೋಮವಾರ

ಸತ್ಯವತಮ್ಮ ಹಿತ್ತಲಲ್ಲಿದ್ದಾಗ ಮಂಚದ ಹತ್ತಿರ ಬಗ್ಗಿ ಹೇಳಿದೆ. "ಇಂದು ಅಕ್ಕನ್ನ ನೋಡಿ ಬಂದೆ. ಮಗು ಚೆನ್ನಾಗಿದೆ." ಎಡಗೈಲಿ ನನ್ನ ಮಣಿಕಟ್ಟು ಹಿಡ್ಕೊಂಡ್ರು. ಬಿಡಲೇ ಇಲ್ಲ. ಒಂದೇ ಕಣ್ಣಲ್ಲಿ ನೀರು. ಹೆಜ್ಜೆ ಸದ್ದು ಕೇಳಿದ ತಕ್ಷಣ ಬಿಟ್ಟು ಗೋಡೆ ಕಡೆ ತಿರುಗಿದ್ರು. ಮಾತಿಲ್ಲದಿದ್ರೂ ನಾಟಕ ಮರೆತಿಲ್ಲ.

ಹೆಂಡತಿಗೆ ಯಾಕೆ ಹೇಳಿಲ್ಲ ಇವರು? ಬಾಯಿಂದ ಒಮ್ಮೆ ಬಿದ್ದ ಮಾತು ವಾಪಸ್ ನುಂಗೋಕೆ ಆಗ್ಲಿಲ್ವಾ? ನನ್ನ ಕೆಲಸ ನಾಯಿ ಓಡಿಸೋದು. ಆದ್ರೆ ಈ ನಾಯಿ ಓಡೋದೇ ಅಲ್ಲಿಗಾದ್ರೆ ನಾನೇನು ಮಾಡಲಿ.

ಜೂನ್ 17, ಶುಕ್ರವಾರ

ಇವತ್ತು ಕೇಳೇ ಬಿಟ್ಟೆ. "ಇಂದು ಅಕ್ಕ, ಒಂದು ಸಲ ಬಂದು ನೋಡ್ಕೊಂಡು ಹೋಗಬಾರದಾ?"

"ಹೇಗೆ ಬರಲಿ? ಅಮ್ಮ ನನ್ನ ಮುಖ ನೋಡಲ್ಲ ಅಂತ ಆಣೆ ಇಟ್ಟಿದಾಳೆ."

"ಯಾರು ಹೇಳಿದ್ದು?"

"ಅಪ್ಪಾನೇ. ನಾನೆಷ್ಟು ಸಲ ಕೇಳಿದ್ರೂ ಅದೇ ಮಾತು — ನಿಮ್ಮಮ್ಮ ಒಪ್ಪಲ್ಲ ಕಣೆ, ನನಗೆ ಅವಳ ಭಯ, ಕದ್ದು ಬರ್ತೀನಿ ಅಂತ."

ನನಗೆ ಮೈಯೆಲ್ಲ ಉರೀತು. ಅಲ್ಲಿ ಆ ಹೆಂಗಸು ಗಂಡನ ಬಿಪಿಗೆ ಹೆದರಿ ಮಗಳ ಹೆಸರೆತ್ತಲ್ಲ. ಇಲ್ಲಿ ಮಗಳು ಅಮ್ಮನ ಆಣೆಗೆ ಹೆದರಿ ಹೊಸಿಲು ತುಳಿಯಲ್ಲ. ನಡುವೆ ಈ ಮುದುಕ ಕಾಫಿ ಕುಡ್ಕೊಂಡು ಓಡಾಡಿದಾನೆ. ಲಕ್ವ ಹೊಡೆದವರನ್ನ ಬೈಯಬಾರದು ಅಂತ ಸುಮ್ಮನಿದೀನಿ.

ಇಂದುಗೆ ಹೇಳೋಣ ಅಂತ ಬಾಯಿ ತೆಗೆದೆ. ಅಪ್ಪ ಸಾಯೋ ಸ್ಥಿತೀಲಿ ಇರುವಾಗ ಅಪ್ಪ ಸುಳ್ಳುಗಾರ ಅಂತ ಹೇಗೆ ಹೇಳೋದು. ಮುಚ್ಕೊಂಡೆ.

ಜೂನ್ 21, ಮಂಗಳವಾರ

ಎಡವಟ್ಟು ಮಾಡ್ಕೊಂಡೆ.

ಮಗು ಸೀಸರ್ ಕುತ್ತಿಗೆಗೆ ಕೆಂಪು ರಿಬ್ಬನ್ ಕಟ್ಟಿತ್ತು. ಬಿಚ್ಚೋಕೆ ಮರೆತೆ. ಸತ್ಯವತಮ್ಮ ಅನ್ನ ಹಾಕೋಕೆ ಬಂದು ನೋಡಿದ್ರು.

"ಇದ್ಯಾರು ಕಟ್ಟಿದ್ದು?"

"ಏರ್‌ಫೋರ್ಸ್ ಮನೆ ಹುಡುಗಿ."

"ಅವರಿಗೆ ಇಬ್ಬರೂ ಗಂಡು ಮಕ್ಕಳು." ರಿಬ್ಬನ್ ಬಿಚ್ಚಿ ಬೆರಳಿಗೆ ಸುತ್ಕೊಂಡ್ರು. "ಇವರು ಓಡಾಡ್ತಿದ್ದಾಗಲೂ ಹೀಗೇ ಒಂದೆರಡು ಸಲ ಬಂದಿತ್ತು. ಕೇಳಿದ್ರೆ ಪಾರ್ಕಲ್ಲಿ ಯಾರೋ ಮಗು ಅಂದ್ರು. ಇಷ್ಟು ದಿನ ಎಲ್ಲಿಗೆ ಹೋಗ್ತಿದೀಯ, ನಿಜ ಹೇಳು."

ಹೇಳಿದೆ. ಪೀಣ್ಯ, ಇಂದುಮತಿ, ಮಗು, ಮೆಟ್ಟಿಲ ಮೇಲಿನ ಕಾಫಿ. ನೀವು ಮುಖ ನೋಡಲ್ಲ ಅಂತ ಆಣೆ ಇಟ್ಟಿದೀರಂತೆ, ಅದೂ ಹೇಳಿದೆ.

ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತ್ಬಿಟ್ರು. "ನಾನಾ?" ಅಂದ್ರು. ಬೆರಳಿನ ರಿಬ್ಬನ್ ನೋಡ್ತಾ ಮತ್ತೆ — "ನಾನಾ?"

ಆಮೇಲೆ ಎದ್ದು ಒಳಗೆ ಹೋದ್ರು. ನಾನು ಹೋಗಬೇಕಿತ್ತು. ಹೋಗಲಿಲ್ಲ, ಹಿತ್ತಲಲ್ಲೇ ನಿಂತೆ. ಅವರು ಕಿರುಚಲಿಲ್ಲ. ದಿನಸಿ ಲೆಕ್ಕ ಹೇಳೋ ಧ್ವನೀಲಿ ಹೇಳಿದ್ರು.

"ಪ್ರತಿ ವರ್ಷ ಅವಳು ಹುಟ್ಟಿದ ದಿನ ಪಾಯಸ ಮಾಡ್ತಿದ್ದೆ. ನಿಮಗೆ ಗೊತ್ತಾಗಬಾರದು ಅಂತ ಹಾಲು ಜಾಸ್ತಿ ಉಳಿದಿತ್ತು ಅಂತ ಸುಳ್ಳು ಹೇಳ್ತಿದ್ದೆ. ನೀವು ತಿಂದು, ಕೈ ತೊಳ್ಕೊಂಡು, ನಾಯಿ ಹಿಡ್ಕೊಂಡು ಹೋಗ್ತಿದ್ರಿ. ಒಂದು ಲೋಟ ಕೊಡು, ತಗೊಂಡು ಹೋಗ್ತೀನಿ ಅನ್ನಬಾರದಿತ್ತಾ? ನಾನೇನು ಬೇಡ ಅಂತಿದ್ನಾ? ನನ್ನ ಮಗು ಬಸುರಾಗಿ, ಬಾಣಂತನ ಆಗಿ, ಎಲ್ಲಾ ಮುಗೀತಲ್ರೀ."

ಬಾಯಿದ್ದಿದ್ರೂ ಆ ಮನುಷ್ಯ ಏನು ಹೇಳ್ತಿದ್ರೋ. ನನಗೆ ಅಳು ಬಂತು. ಸೀಸರ್ ಕಟ್ಟಿಹಾಕಿ ಹೊರಡ್ತಿದ್ದೆ. ಸತ್ಯವತಮ್ಮ ಬಾಗಿಲಿಗೆ ಬಂದು — "ನಾಳೆಯಿಂದ ಬರಬೇಡಮ್ಮ."

ಜೂನ್ 26, ಭಾನುವಾರ

ನಿನ್ನೆ ಕ್ರಿಕೆಟ್ ಕಪ್ ಗೆದ್ವಂತೆ. ಕಾಲೋನಿ ತುಂಬ ಪಟಾಕಿ. ಬೆಳಗ್ಗೆ ಡಾಬರ್‌ಮನ್ ಮಂಚದ ಕೆಳಗಿಂದ ಈಚೆ ಬರಲಿಲ್ಲ, ಹೆದರಿದ ನಾಯೀನ ಓಡಿಸಬಾರದು, ಪಕ್ಕದಲ್ಲಿ ಸುಮ್ಮನೆ ಕೂತಿದ್ದು ಬಂದೆ.

ಕೊನೇ ಕ್ರಾಸಲ್ಲಿ ಹಾದು ಬಂದೆ. ಸೀಸರ್ ನನ್ನ ನೋಡಿ ಚೈನ್ ಸಮೇತ ನೆಗೆದ. ಬಾಗಿಲು ಹಾಕಿತ್ತು. ಮತ್ತೆ ಗುಂಡಿ ತೋಡಿದಾನೆ. ಆಗಲೇ ಹೊಟ್ಟೆ ಬಂದಿದೆ.

ಇಂದುಮತಿ ದಿನಾ ಗಲ್ಲಿ ನೋಡ್ತಿರ್ತಾಳೆ. ಒಬ್ಬಳೇ ಹೋಗಿ ಹೇಳೋಣ ಅಂದ್ರೆ ಏನು ಹೇಳಲಿ. ನಿಮ್ಮಮ್ಮನಿಗೆ ಗೊತ್ತಾಯ್ತು, ಗೊತ್ತಾದ ಮೇಲೂ ಬಾಗಿಲು ಹಾಕ್ಕೊಂಡಿದಾರೆ ಅಂತಾನಾ? ಅವಳಿಗೆ ಅಪ್ಪನ ಸುದ್ದೀನೂ ತಪ್ಪಿಹೋಯ್ತು. ಎಲ್ಲಾ ನನ್ನಿಂದ. ಅತ್ತಿಗೆ ಕೂಡ ಇವತ್ತು ನನ್ನ ಮುಖ ನೋಡಿ, ಕೇಳದೇನೇ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದ್ಲು.

ಜುಲೈ 3, ಭಾನುವಾರ, ಸಂಜೆ

ಮಧ್ಯಾಹ್ನದ ಊಟ ಆಗಿ ತಟ್ಟೆ ತೊಳೀತಿದ್ದೆ. ಗೇಟಲ್ಲಿ ಸೀಸರ್ ಬೊಗಳಿದ ಹಾಗಾಯ್ತು. ನೋಡಿದ್ರೆ ಅವನೇ. ಚೈನ್ ಹಿಡಿದು ಸತ್ಯವತಮ್ಮ. ತಲೆ ಬಾಚಿ, ಗಂಜಿ ಹಾಕಿದ ಸೀರೆ ಉಟ್ಟು.

"ಚಪ್ಪಲಿ ಮೆಟ್ಕೋ. ರೋಡ್ ದಾಟೋಕೆ ನನಗೆ ಭಯ" ಅಂದ್ರು. ಅಷ್ಟೇ.

ಪಕ್ಕದ ಮನೆ ಅಶ್ವತ್ಥಮ್ಮ ಯಜಮಾನರ ಹತ್ತಿರ ಕೂತಿದಾರಂತೆ. "ಗಂಜಿ ಕುಡಿಸಿ ಹೇಳಿ ಬಂದೆ, ಹೋಗ್ತಿದೀನಿ ಅಂತ. ಕೇಳಲಿಲ್ಲ, ಹೇಳಿದೆ."

ತೋಪಿನಲ್ಲಿ ಎರಡು ಕಡೆ ಕೂತ್ರು. "ಇಷ್ಟು ದೂರ ನಡೀತಿದ್ರಾ ಇವರು, ದಿನಾ? ನನ್ನನ್ನ ಒಂದು ದಿನ ಬೀದಿ ತುದಿ ತನಕ ವಾಕಿಂಗ್ ಕರ್ಕೊಂಡು ಹೋಗಿಲ್ಲ ಈ ಮನುಷ್ಯ" ಅಂದ್ರು. ಕೋಪ ಇನ್ನೂ ಇಳಿದಿಲ್ಲ. ಇಳೀಬಾರದು ಕೂಡ. ತುಮಕೂರು ರೋಡಲ್ಲಿ ನನ್ನ ಕೈ ಹಿಡಿದ ಹಿಡಿತ, ಗುರುತು ಇನ್ನೂ ಇದೆ. ಶೆಡ್ಡುಗಳ ಹತ್ತಿರ ಕೇಳಿದ್ರು, "ಅವಳು ತೆಳ್ಳಗಾಗಿದಾಳಾ?" ಇಲ್ಲ ಅಂದೆ. "ಮಾತಾಡಿಸ್ತಾಳಾ ನನ್ನ?" ನಾನು ಗಲ್ಲಿ ಕಡೆ ಕೈ ತೋರಿಸಿದೆ.

ಇಂದುಮತಿ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸ್ತಿದ್ಲು. ಮೊದಲು ನಾಯಿ ನೋಡಿದ್ಲು, ಮುಖ ಅರಳಿತು. ನನ್ನ ನೋಡಿದ್ಲು. ಆಮೇಲೆ ನನ್ನ ಹಿಂದೆ ನೋಡಿದ್ಲು. ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯ್ತು. ಮೊರ ಹಿಡ್ಕೊಂಡೇ ಎದ್ದು ನಿಂತ್ಲು.

"ಅಪ್ಪ ಹೋಗ್ಬಿಟ್ರಾ ಅಮ್ಮ?"

ಇಷ್ಟು ವರ್ಷದ ಮೇಲೆ ಅಮ್ಮನ್ನ ನೋಡಿ ಕೇಳಿದ ಮೊದಲ ಮಾತು ಅದು. ಅಪ್ಪ ಸತ್ತರೆ ಮಾತ್ರ ಅಮ್ಮ ಈ ಗಲ್ಲಿಗೆ ಬರ್ತಾಳೆ ಅಂತ ಅಷ್ಟು ನಂಬಿದ್ಲು. ಸತ್ಯವತಮ್ಮನಿಗೆ ಅದು ತಟ್ಟೋಕೆ ಒಂದು ಕ್ಷಣ ಬೇಕಾಯ್ತು. ತಟ್ಟಿದ್ದು ನಾನು ನೋಡಿದೆ. ಗೋಡೆ ಹಿಡ್ಕೊಂಡ್ರು.

"ಇಲ್ಲ ಕಣೆ" ಅಂದ್ರು. "ಇದಾರೆ. ನಾನೇ ಬಂದೆ."

ಇಂದುಮತಿ ಮೊರ ಕೆಳಗಿಟ್ಟು, ಅಮ್ಮನ ಕೈ ಹಿಡಿದು, ಅಪ್ಪ ದಿನಾ ಕೂರ್ತಿದ್ದ ಮೆಟ್ಟಿಲ ಮೇಲೆ ಕೂರಿಸಿ ಕಾಫಿ ಇಡೋಕೆ ಒಳಗೆ ಹೋದ್ಲು.