ಅಪ್ಪನ ಕಾರಿನಲ್ಲಿ ನನ್ನ ಹಾಡು

ಮಾರ್ಚ್ ೧೪, ಶುಕ್ರವಾರ

ಹಳೆ ಕಾರಿನ ಕ್ಯಾಸೆಟ್ ಸ್ಟೀರಿಯೊ ಕಿತ್ತರೆ ಕಾರನ್ನೇ ಹತ್ತುವುದಿಲ್ಲ ಎಂದು ಅಪ್ಪ ವಾರದಿಂದ ಹಟ ಹಿಡಿದಿದ್ದರು. ಇವತ್ತು ಎಲೆಕ್ಟ್ರಿಷಿಯನ್ ಅದನ್ನು ಹಾಗೇ ಉಳಿಸಿ, ಹಿಂದುಗಡೆ ಬೆಂಕಿಪೊಟ್ಟಣದಷ್ಟು ಚಿಕ್ಕ ಬ್ಲೂಟೂತ್ ಪೆಟ್ಟಿಗೆ ಜೋಡಿಸಿಕೊಟ್ಟ.

ವಾಪಸು ಬರುವಾಗ ಧೈರ್ಯ ಮಾಡಿ, ಫೋನಿನಿಂದ ನಾನು ಹಾಡಿದ್ದನ್ನೇ ಹಾಕಿದೆ. ಬ್ಯಾಂಕಿನ ಕೆಲಸ ಬಿಟ್ಟು ಹಾಡಲು ಹೊರಟ ನನ್ನ ಹಾಡಿಗೆ ಅಪ್ಪ ಎರಡು ವರ್ಷದಿಂದ ಕಿವಿಗೊಟ್ಟಿರಲಿಲ್ಲ.

"ಇದು ನೀನಲ್ವಾ?"

"ಹೂಂ ಅಪ್ಪ."

ಅವರು ಸವೆದ ಗುಂಡಿ ತಿರುಗಿಸಿ ಸದ್ದು ಹೆಚ್ಚಿಸಿದರು. ಮನೆ ಬಂತು, ಕಾರು ನಿಲ್ಲಲಿಲ್ಲ.

"ಅಪ್ಪಾ, ಗೇಟು ದಾಟಿ ಬಂದ್ವಿ!"

"ಗೊತ್ತು ಕಣೇ. ಮೊದಲಿಂದ ಹಾಕು."

ಬಡಾವಣೆಗೆ ಮೂರು ಸುತ್ತು ಹಾಕಿದೆವು. ಅಮ್ಮ ಪ್ರತಿ ಸಲವೂ ಓಡಿಬಂದು ಗೇಟು ತೆಗೆದಳು, ಪಾಪ...