ಮನೆಯ ವೋಟು

ಜುಲೈ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ನಿನ್ನ ಎರಡು ಪತ್ರಗಳೂ ಬಂದಿವೆ. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಮುನಿಸಿಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ. ಭಾವನವರ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ಹತ್ತಿಯೇ ತೀರುವ ಜನ ಅವರು. ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಆರೋಗ್ಯವಾಗಿದ್ದೇವೆ, ಅಷ್ಟು ನಿಜ.

ದೇಶದ ಚುನಾವಣೆಯಲ್ಲಿ ಇವರ ಪಕ್ಷ ಮತ್ತೆ ನೆಲ ಕಚ್ಚಿದ್ದು ನಿನಗೆ ಗೊತ್ತೇ ಇದೆ. ಸತತ ಮೂರನೆಯ ಸೋಲು. ಫಲಿತಾಂಶದ ದಿನ ಇವರು ಟಿವಿ ಆರಿಸಿ, ಚಪ್ಪಲಿ ಹಾಕಿಕೊಂಡೇ ಹಾಸಿಗೆಯ ಮೇಲೆ ಬಿದ್ದುಕೊಂಡರು. ಬಿಚ್ಚಿ ಎಂದು ನಾನೂ ಹೇಳಲಿಲ್ಲ. ಟೈರ್ ಅಂಗಡಿಯ ಮೇಲಿನ ಪಕ್ಷದ ಶಾಖೆಯ ಕೋಣೆಗೆ ಒಂದು ವಾರ ಬೀಗ ಬಿದ್ದಿತ್ತು. ಬೆಳಿಗ್ಗೆ ಸಂಜೆ ಅಲ್ಲಿಗೆ ಚಹಾ ಕಳಿಸುತ್ತಿದ್ದ ದೊಡ್ಡ ಫ್ಲಾಸ್ಕು ಅಡುಗೆಮನೆಯಲ್ಲಿ ಬೋರಲು ಬಿದ್ದಿತ್ತು. ಸುಳ್ಳೇಕೆ ಹೇಳಲಿ, ಆ ವಾರ ನನಗೆ ಸ್ವಲ್ಪ ಬಿಡುವು ಸಿಕ್ಕಿತು.

ಆಮೇಲೆ ಕೇಂದ್ರ ಕಚೇರಿಯಿಂದ ಆದೇಶ ಬಂತು. ಪ್ರತಿ ಊರಿನ ಶಾಖೆಯೂ ಕೈಬಿಟ್ಟು ಹೋದ ಮತದಾರರನ್ನು ಕರೆಸಿ ಅವರ ಮಾತು ಕೇಳಬೇಕು, ಹಾಗೆ ಕೇಳಿದರೇ ಅವರು ಮರಳಿ ಬರುವುದು ಎಂದು. ಅದನ್ನು ನಡೆಸಿಕೊಡಲು ಒಬ್ಬ ಸಲಹೆಗಾರ್ತಿಯನ್ನೂ ಕಳಿಸಿದರು. ನಮ್ಮ ಮಗಳಿಗಿಂತ ಚಿಕ್ಕವಳು. ಲಾಡ್ಜಿನಲ್ಲಿ ಉಳಿದುಕೊಂಡು ಊರೂರು ಸುತ್ತುವ ಕೆಲಸ. ಶಾಖೆಯವರು ಅವಳಿಗೆ ಲ್ಯಾಪ್‌ಟಾಪಮ್ಮ ಎಂದು ಹೆಸರಿಟ್ಟರು. ಅವಳ ನಿಯಮ ಕೇಳು: ವೇದಿಕೆ ಇರಬಾರದು, ಭಾಷಣ ಇರಬಾರದು, ಕುರ್ಚಿಗಳನ್ನು ದುಂಡಗೆ ಹಾಕಬೇಕು. ಬಂದವರು ಬೈದರೆ ಬೈಸಿಕೊಳ್ಳಬೇಕು, ಎದುರುತ್ತರ ಕೊಡಬಾರದು.

"ಉತ್ತರ ಕೊಡಬಾರದಂತೆ ಕಣೆ," ಎಂದು ಇವರು ಊಟದ ಮುಂದೆ ಕೂತು ಗೊಣಗಿದರು. "ಇಷ್ಟು ವರ್ಷ ನಾನು ಮಾಡಿದ್ದೇ ಉತ್ತರ ಕೊಡೋ ಕೆಲಸ."

ಆದರೂ ಪಕ್ಷದ ಮಾತೆಂದರೆ ಇವರಿಗೆ ವೇದವಾಕ್ಯ. ಮನೆಮನೆ ಅಲೆದು ಕರೆದರು. ಹೋದ ಕಡೆಯೆಲ್ಲ ಕೂರಿಸಿದರು, ನೀರು ಕೊಟ್ಟರು, ಮಕ್ಕಳ ಯೋಗಕ್ಷೇಮ ಕೇಳಿದರು. ಬರುತ್ತೇನೆ ಎಂದವರು ಯಾರೂ ಇಲ್ಲ. ಕ್ಷೌರದಂಗಡಿಯವನಂತೂ ಇವರ ಕೆನ್ನೆಗೆ ನೊರೆ ಹಚ್ಚಿಯಾದ ಮೇಲೆ ಹೇಳಿದನಂತೆ: "ನಿಮ್ಮ ಮೇಲೆ ಸಿಟ್ಟಿಲ್ಲ ಸಾರ್. ಸಿಟ್ಟಿದ್ರೆ ಬಂದು ಬೈದಾದ್ರೂ ಹೋಗ್ತಿದ್ದೆ. ಏನೂ ಇಲ್ಲ. ಅದಕ್ಕೇ ಬರಲ್ಲ."

"ನೀವೇನಂದ್ರಿ?" ಎಂದು ಕೇಳಿದೆ.

"ಕತ್ತಿನ ಮೇಲೆ ಬ್ಲೇಡಿತ್ತು. ಏನನ್ನಲಿ?"

ನಕ್ಕೆವು, ಇಬ್ಬರೂ. ಎಷ್ಟು ಕಾಲವಾಗಿತ್ತೋ ಹಾಗೆ ಜೊತೆಯಲ್ಲಿ ನಕ್ಕು.

ಕರೆದವರು ಬರುವುದಿಲ್ಲ, ಸಲಹೆಗಾರ್ತಿಗೆ ಖಾಲಿ ಕುರ್ಚಿ ತೋರಿಸುವಂತಿಲ್ಲ. ಕೊನೆಗೆ ಶಾಖೆಯವರು ಒಂದು ಉಪಾಯ ಹೂಡಿದರು. ಘೋಷಣೆ ಕೂಗುವವನೊಬ್ಬನಿದ್ದಾನಲ್ಲ, ಗಂಟಲಪ್ಪ, ಅವನ ಹೆಂಡತಿ, ಅವಳ ನಾದಿನಿ, ಟೈರ್ ಅಂಗಡಿಯ ಕೆಲಸಗಾರರು, ಯಾರ್‍ಯಾರದೋ ಷಡ್ಡಕರು, ಎಲ್ಲರನ್ನೂ 'ಕೈಬಿಟ್ಟು ಹೋದ ಮತದಾರರು' ಮಾಡಿ ಕೂರಿಸುವುದು. ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಶರ್ಟಿನ ಗುಂಡಿ ತಿರುವುತ್ತಾ ಕೇಳಿದರು:

"ನೀನೂ ಬಂದು ಸುಮ್ನೆ ಕೂತ್ಕೊತೀಯಾ? ಆ ಹುಡುಗಿ ನಿನ್ನ ನೋಡಿಲ್ಲ. ಏನಾದ್ರೂ ಕೇಳಿದ್ರೆ ಬೆಲೆ ಏರಿಕೆ ಅನ್ನು, ಸಾಕು."

ಹೋದೆ ಅಕ್ಕ. ಒಲೆ ಆರಿಸಿ, ಸೀರೆ ಬದಲಾಯಿಸಿ ಹೋದೆ. ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ, ನಿನ್ನಾಣೆಗೂ.

ಶಾಲೆಯ ಸಭಾಂಗಣ. ಮೇಲೆ ಫ್ಯಾನು ಕಿರ್ರೋ ಎನ್ನುತ್ತಿತ್ತು. ಮೈಕು ಕೈಯಿಂದ ಕೈಗೆ ಹೋಯಿತು. ಗಂಟಲಪ್ಪನ ಹೆಂಡತಿ "ಬೆಲೆ ಏರಿಕೆ" ಎಂದಳು. ಅವಳ ನಾದಿನಿ "ಬೆಲೆ ಏರಿಕೆ" ಎಂದಳು. ಟೈರ್ ಅಂಗಡಿಯವನೊಬ್ಬ ಪಾಠ ಮರೆತು, "ಮೊದಲು ಅವರು ಹೇಳಿದ್ದೇ" ಎಂದ. ಸಲಹೆಗಾರ್ತಿ ತಗ್ಗಿಸಿದ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು ಎಂದು ನನಗೆ ಅನಿಸಿತು. ಇಂಥ ಎಷ್ಟು ಊರು ನೋಡಿದ್ದಾಳೋ! ಮುಖದಲ್ಲಿ ಅಷ್ಟು ಸುಸ್ತಿತ್ತು. ಮೈಕು ನನ್ನ ಕೈಗೆ ಬಂದಾಗ ಪ್ರಶ್ನೆಯನ್ನೇ ಬದಲಾಯಿಸಿಬಿಟ್ಟಳು.

"ನೀವು ಕೊನೇ ಸಲ ನಮಗೆ ವೋಟು ಹಾಕಿದ್ದು ಯಾವಾಗಮ್ಮ?"

ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಇವರು ಬಾಗಿಲ ಬಳಿ ಲೋಟ ಜೋಡಿಸುತ್ತಿದ್ದರು. ನಾನು ಅವರ ಬೆನ್ನು ನೋಡುತ್ತಾ ಹೇಳಿದೆ:

"ಈ ಮೂರು ಸಲನೂ ಹಾಕಿಲ್ಲ."

"ಬೇರೆಯವರಿಗೆ ಹಾಕಿದ್ರಾ?"

"ಯಾರಿಗೂ ಇಲ್ಲ. ಚೀಟಿ ತೋರಿಸ್ತೀನಿ, ಮರೆಗೆ ಹೋಗ್ತೀನಿ, 'ಯಾರೂ ಬೇಡ' ಅನ್ನೋ ಕೊನೇ ಗುಂಡಿ ಒತ್ತಿ ಬರ್ತೀನಿ."

ಇವರು ತಿರುಗಿದರು. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಿಟ್ಟಿನ ಮುಖವಲ್ಲ. ಕತ್ತಲಲ್ಲಿ ಮೆಟ್ಟಿಲು ಮುಗಿಯಿತೆಂದು ಕಾಲಿಟ್ಟು, ಕೆಳಗೆ ಇನ್ನೊಂದು ಮೆಟ್ಟಿಲಿದ್ದರೆ ಮನುಷ್ಯನ ಮುಖ ಹೇಗಾಗುತ್ತದೆ, ಹಾಗೆ.

ಯಾಕೆ ಎಂದು ಅವಳು ಕೇಳಿದಳು. ನಾನು ಆಸ್ಪತ್ರೆಯ ಮಾತೆತ್ತಿದೆ. ನಮ್ಮೂರಿನ ಹೆರಿಗೆ ವಾರ್ಡು ಮುಚ್ಚಿದ್ದು ನಮ್ಮ ಪಕ್ಷದ ಸರ್ಕಾರವೇ ತಾನೇ. ದೊಡ್ಡ ಊರಿನಲ್ಲಿ ದೊಡ್ಡ ಆಸ್ಪತ್ರೆ ಇದೆ, ಅಲ್ಲಿ ಯಂತ್ರಗಳಿವೆ, ತಜ್ಞರಿದ್ದಾರೆ ಎಂದು ಶಾಖೆಯವರು ಬೀದಿಬೀದಿಗೆ ಹೋಗಿ ವಿವರಿಸಿದ್ದರು. "ಅವರು ಹೇಳಿದ ಕಾರಣ ಒಂದೂ ಸುಳ್ಳಲ್ಲಮ್ಮ," ಎಂದೆ. "ಎಲ್ಲ ಸರಿಯಾಗೇ ಇತ್ತು. ಆದ್ರೆ ನೋವು ಬಂದ ಹೆಂಗಸಿಗೆ ದಾರಿ ದೂರ ಆಯ್ತು. ದೂರ ಆಯ್ತು ಅಂತ ಹೇಳೋಕೆ ಹೋದ್ರೆ ಮತ್ತೆ ಕಾರಣ ಹೇಳ್ತಿದ್ರು. ಅಂದಿನಿಂದ ನಾನು ಹೇಳೋದೂ ಬಿಟ್ಟೆ, ಹಾಕೋದೂ ಬಿಟ್ಟೆ."

ಆಮೇಲೆ ಗಂಟಲಪ್ಪನ ಹೆಂಡತಿ ಮೈಕು ವಾಪಸ್ ಕೇಳಿದಳು. "ನಾನು ಆಗ ಹೇಳಿದ್ದು ಬಿಡಿ," ಎಂದು ಶುರುಮಾಡಿ, ತನ್ನ ಗಂಡ ಮೂರು ಚುನಾವಣೆಗೂ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದು, ಆಪರೇಷನ್ನಿಗೆ ಮಲಗಿದ್ದಾಗ ಒಬ್ಬ ನಾಯಕನೂ ಇಣುಕಿ ನೋಡದಿದ್ದದ್ದು, ಎಲ್ಲ ಹೇಳಿ ಅತ್ತಳು. ಟೈರ್ ಅಂಗಡಿಯವರೂ ಬಾಯಿ ಬಿಟ್ಟರು. ಸುಳ್ಳು ಮತದಾರರೆಂದು ತಂದು ಕೂರಿಸಿದವರಲ್ಲಿ ಅರ್ಧಕ್ಕರ್ಧ ನಿಜವಾಗಿ ಬಿಟ್ಟುಹೋದವರೇ ಆಗಿದ್ದರು. ಇವರು ಲೋಟಗಳ ಪಕ್ಕ ನಿಂತೇ ಇದ್ದರು. ಯಾರಿಗೂ ಉತ್ತರ ಕೊಡಲಿಲ್ಲ.

ಇವರು ಮನೆಗೆ ಬಂದು ಕೈಕಾಲು ತೊಳೆದುಕೊಂಡು, "ಮನೆ ವೋಟೂ ನನ್ನದಲ್ಲ," ಎಂದರು. ನನಗಲ್ಲ, ಟವೆಲ್ಲಿಗೆ ಹೇಳಿದ ಹಾಗೆ.

ಎರಡು ದಿನ ಬಿಟ್ಟು ಸಲಹೆಗಾರ್ತಿ ನಮ್ಮ ಬಾಗಿಲಿಗೇ ಬಂದಳು. ಆ ಹೆಂಗಸು ಯಾರು ಎಂದು ಅವಳು ಇವರನ್ನು ಕೇಳಿದ್ದಳಂತೆ. ನನ್ನ ಹೆಂಡತಿ ಎಂದು ಇವರೇ ಹೇಳಿದ್ದರು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅದಕ್ಕೆ ಶಾಖೆಯವರೆಲ್ಲ ಮುಸಿಮುಸಿ ನಕ್ಕದ್ದು ಇವರ ಕಿವಿಗೂ ಬಿದ್ದಿದೆ. ಹುಡುಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ವಿಷಯಕ್ಕೆ ಬಂದಳು. ಮುಂದಿನ ಪ್ರಚಾರಕ್ಕೆ ನನ್ನ ಫೋಟೊ ಬೇಕಂತೆ. ಊರೂರಿನ ಸಭೆಗೆ ನಾನು ಬಂದು, 'ಬಿಟ್ಟು ಹೋಗಿದ್ದೆ, ಮರಳಿ ಬಂದೆ' ಎನ್ನಬೇಕಂತೆ.

"ನಾನು ಮರಳಿ ಬಂದಿಲ್ವಲ್ಲಮ್ಮ," ಎಂದೆ.

"ಬರೋಕೆ ನಾವೇನು ಮಾಡ್ಬೇಕು ಹೇಳಿ ಆಂಟಿ."

"ಆ ವಾರ್ಡು ಮತ್ತೆ ತೆಗೀತೀವಿ ಅನ್ನಿ."

ಅವಳು ಹಣೆ ಒತ್ತಿಕೊಂಡಳು. "ಅದು ಪ್ರಣಾಳಿಕೆ ಸಮಿತಿಯವರ ಕೆಲಸ. ನನ್ನ ಕಳ್ಸಿರೋದು ಕೇಳೋಕೆ ಮಾತ್ರ."

ಪಾಪ, ಅವಳ ಮೇಲೆ ಸಿಟ್ಟು ಬರಲಿಲ್ಲ. ಊಟ ಬಡಿಸಿದೆ, ಹಸಿದವಳ ಹಾಗೆ ಉಂಡಳು. ಕೈ ತೊಳೆದು ಬಂದು ಮೇಜಿನ ಮೇಲೆ ತಲೆಯಿಟ್ಟವಳಿಗೆ ಅಲ್ಲೇ ನಿದ್ದೆ ಹತ್ತಿತು. ನಾನು ಸದ್ದಾಗದಂತೆ ಪಾತ್ರೆ ಎತ್ತಿಟ್ಟೆ. ಎದ್ದಾಗ ನಾಚಿಕೊಂಡು, ಫೋಟೊದ ಮಾತೆತ್ತದೆ ಹೊರಟುಹೋದಳು.

ಇವರು ನನ್ನನ್ನು ಒತ್ತಾಯ ಮಾಡಲಿಲ್ಲ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆ ವಾರ ಶಾಖೆಯ ಸಭೆಯಲ್ಲಿ ಹೆರಿಗೆ ವಾರ್ಡು ಮತ್ತೆ ತೆರೆಯಬೇಕೆಂದು ತಾವೇ ನಿರ್ಣಯ ಮಂಡಿಸಿದರು. 'ಪರಿಶೀಲನೆಯಲ್ಲಿದೆ' ಎಂದು ಮೇಲಿನಿಂದ ಉತ್ತರ ಬಂದಿದೆ. ಆ ಮಾತಿನ ಅರ್ಥ ಇವರಿಗೆ ಗೊತ್ತಿಲ್ಲದ್ದೇನಲ್ಲ, ತಾವೇ ಎಷ್ಟು ಜನಕ್ಕೆ ಅದನ್ನು ಹೇಳಿ ಕಳಿಸಿದ್ದಾರೆ. ಈಗ ದಿನಾ ಸಂಜೆ ಒಬ್ಬರೇ ಯಾರದಾದರೂ ಮನೆಗೆ ಹೋಗಿ ಕೂತು ಬರುತ್ತಾರೆ. ಕರಪತ್ರ ಒಯ್ಯುವುದಿಲ್ಲ. ಬಂದವರೇ ಕುರ್ಚಿಯಲ್ಲಿ ಕುಸಿದು, "ಭಾಷಣ ಮಾಡೋದಕ್ಕಿಂತ ಇದೇ ಸುಸ್ತು ಕಣೆ," ಎನ್ನುತ್ತಾರೆ. ಪಕ್ಷ ಇದರಿಂದ ಗೆಲ್ಲುತ್ತದೆಯೇ? ನನಗೆ ತಿಳಿಯದು. ಒಂದೊಂದು ಮನೆಯಲ್ಲಿ ಹೀಗೆ ಕೂತರೆ ಊರು ಮುಗಿಯುವಷ್ಟರಲ್ಲಿ ಇವರಿಗೆ ವಯಸ್ಸು ಮುಗಿದಿರುತ್ತದೆ. ಮುಂದಿನ ಸಲ ನಾನೇನು ಮಾಡುತ್ತೇನೆ ಎಂದು ಇವರು ಕೇಳಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮೊಮ್ಮಕ್ಕಳಿಗೆ ನೂರು ವರ್ಷ ಆಯಸ್ಸು, ಕೈತುಂಬ ಕೆಲಸ, ಕಣ್ತುಂಬ ನಿದ್ದೆ ಸಿಗಲಿ. ನೀನು ರಾತ್ರಿ ಕನ್ನಡಕವಿಲ್ಲದೆ ಓದಬೇಡ.

ಇಂತಿ,
ನಿನ್ನ ತಂಗಿ

ಲಕೋಟೆ ಅಂಟಿಸಿಟ್ಟಿದ್ದೆ ಅಕ್ಕ. ಎರಡು ದಿನದ ಮೇಲೆ ಮತ್ತೆ ಬಿಡಿಸಿ ಇಷ್ಟು ಬರೆಯುತ್ತಿದ್ದೇನೆ.

ಸಭೆಯ ಸುದ್ದಿ ಹೇಗೋ ತಿಳಿದು ಮಗಳು ಫೋನ್ ಮಾಡಿದ್ದಳು. "ಆಸ್ಪತ್ರೆ ವಿಷಯ ಹೇಳಿದ್ಯಂತೆ. ನನ್ನ ಮಗು ವಿಷಯ ಹೇಳಿದ್ಯಾ?" ಎಂದು ಕೇಳಿದಳು. ಇಲ್ಲಮ್ಮ ಎಂದೆ. "ಆಮೇಲೆ ಎರಡು ಮಕ್ಕಳಾದ್ವು ಅಂತ ನೀವೆಲ್ಲ ಅದನ್ನ ಲೆಕ್ಕದಿಂದ ತೆಗೆದುಬಿಟ್ರಿ. ಒಬ್ಬರಾದ್ರೂ ನಾಲ್ಕು ಜನರ ಎದುರು ಅದರ ಮಾತಾಡಲಿ ಅಂತ ಕಾಯ್ತಾ ಇದ್ದೆ ಅಮ್ಮ," ಎಂದು ಇಟ್ಟುಬಿಟ್ಟಳು.

ಅಂದು ದೊಡ್ಡ ಊರಿನ ದಾರಿಯಲ್ಲಿ, ಆ ಬಾಡಿಗೆ ಗಾಡಿಯಲ್ಲಿ, ಅವಳ ತಲೆ ನಿನ್ನ ತೊಡೆಯ ಮೇಲಿತ್ತು. ಆಸ್ಪತ್ರೆ ಕಾಣುವ ಮೊದಲೇ ಎಲ್ಲ ಮುಗಿದುಹೋಗಿತ್ತು. ಇವರು ಆ ಹೊತ್ತಿನಲ್ಲಿ ವಾರ್ಡು ಯಾಕೆ ಮುಚ್ಚಬೇಕಾಯಿತು ಎಂದು ಇಲ್ಲಿ ನಮ್ಮ ಪಕ್ಕದ ಬೀದಿಯಲ್ಲಿ ಭಾಷಣ ಮಾಡುತ್ತಿದ್ದರು. ಮಾರನೆಯ ದಿನ ಆಸ್ಪತ್ರೆಗೆ ಬಂದರು. ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ಅಷ್ಟರಲ್ಲಿ ನೀನೂ ಅಳಿಯನೂ ಮಣ್ಣಿಗೆ ಒಪ್ಪಿಸಿ ಬಂದಾಗಿತ್ತು. ಇವರು ಡಾಕ್ಟರನ್ನು ಕಂಡು ಕಾರಣ ವಿಚಾರಿಸಿಕೊಂಡು ಬಂದರು. ಗಂಡೋ ಹೆಣ್ಣೋ ಎಂದು ಅಂದೂ ಕೇಳಲಿಲ್ಲ, ಈ ಎಲ್ಲ ವರ್ಷಗಳಲ್ಲೂ ಕೇಳಲಿಲ್ಲ.

ನಿನ್ನೆ ಊಟಕ್ಕೆ ಕೂತಾಗ ನಾನೇ ಹೇಳಿದೆ. "ಹೆಣ್ಣು ಮಗು ಕಣ್ರೀ. ತಲೆತುಂಬ ಕೂದಲಿತ್ತು."

ಯಾವ ಮಗು ಎಂದು ಇವರು ಕೇಳಲಿಲ್ಲ. ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿ, ಹಾಗೇ ಕೂತರು. ಅನ್ನ ಆರಿಹೋಯಿತು. ಒಂದು ಕಾರಣವನ್ನೂ ಹೇಳಲಿಲ್ಲ.