ಗೈಡಿಗೆ ಎತ್ತಿಕೊಟ್ಟ ಸಾಲು

ಆಗಸ್ಟ್ 4, ಸೋಮವಾರ. ಬೆಳಿಗ್ಗೆ

ಮಹಾಜನಗಳೇ! ಮುಂದಿನ ಚಾಪೆಯವರೇ, ಹಿಂದಿನ ಬೆಂಚಿನವರೇ, ಟಿಕೆಟ್ಟಿಲ್ಲದೆ ಕಂಬಕ್ಕೆ ಒರಗಿರುವ ಧೀರರೇ! ಸದ್ದು... ಸದ್ದು!

ಯಾರೂ ಇಲ್ಲ. ಸಂಶೋಧಕರ ಕೋಣೆ. ನಾಲ್ಕು ಮೇಜು, ಕಿರುಗುಟ್ಟುವ ಫ್ಯಾನು, ತೆರೆಯಲು ಬಾರದ ಒಂದು ಕಿಟಕಿ. ಎದುರು ಮೇಜಿನವಳು ಪಿಎಚ್‌ಡಿ ಮೂರನೇ ವರ್ಷದ ಹುಡುಗಿ, ಇನ್ನೂ ಬಂದಿಲ್ಲ. ಪ್ರತಿ ಮಾತಿಗೂ ಆಧಾರ ಕೇಳುತ್ತಾಳೆ. ಅಡಿಟಿಪ್ಪಣಿ ಎಂದು ಹೆಸರಿಟ್ಟಿದ್ದೇನೆ. ನಲವತ್ತು ದಾಟಿದ ಮೇಲೆ, ಶಾಲೆಯ ಮೇಷ್ಟ್ರ ಕೆಲಸ ಬಿಟ್ಟು ಪಿಎಚ್‌ಡಿಗೆ ಬಂದವನು ನಾನು. ಮೊದಲ ದಿನ ಫ್ಯಾನ್ ರಿಪೇರಿಯವನೆಂದುಕೊಂಡಳು.

"ಬನ್ನಿ ಅಣ್ಣಾ, ಇದೇ ಫ್ಯಾನು."

ಸ್ಟೂಲು ಹತ್ತಿ ನೋಡಿಯೂ ಬಿಟ್ಟೆ. ಸಿಕ್ಕ ಪಾತ್ರ ಬಿಡಬಾರದು.

ನನ್ನ ವಿಷಯ: ನಾಟಕ ಕಂಪನಿಗಳ ಪ್ರಾಂಪ್ಟರುಗಳು. ಪರದೆಯ ಮರೆಯಲ್ಲಿ ನಿಂತು, ನಟ ಮರೆತ ಸಾಲನ್ನು ಮೆಲ್ಲನೆ ಎತ್ತಿಕೊಡುವವರು. ಅಮ್ಮ ಆ ಕೆಲಸ ಮಾಡಿದವಳು. ಅವಳ ಸೆರಗು ಹಿಡಿದು ರಂಗದ ಪಕ್ಕದ ಸೈಡ್ ವಿಂಗಿನಲ್ಲೇ ಬೆಳೆದೆ. ಗುರುವಾರ ಸಮಿತಿಯ ಮುಂದೆ ಮಂಡನೆ. ಒಪ್ಪಿದರೆ ವಿಷಯ ಗಟ್ಟಿ. ಬರಲಿ, ಸಮಿತಿ ಬರಲಿ!

ಆಗಸ್ಟ್ 7, ಗುರುವಾರ. ಮಧ್ಯಾಹ್ನ

ಕೆಟ್ಟೆ.

ಮಂಡನೆಯಲ್ಲಲ್ಲ — ಅದು ಗುಡುಗಿತು. ಮೈಕ್ ಬೇಡವೆಂದೆ. ಕಾರಿಡಾರಿನವರೂ ಬಂದು ಇಣುಕಿದರು. ಆಮೇಲೆ ಹೊರಗಿನಿಂದ ಬಂದ ತಜ್ಞರು ನನ್ನನ್ನು ಬಿಟ್ಟು, ಪಕ್ಕದಲ್ಲೇ ಕೂತಿದ್ದ ನನ್ನ ಗೈಡ್ ಮೇಡಂ ಕಡೆ ತಿರುಗಿದರು.

"ಅಲ್ಲಾ ಮೇಡಂ, ಬರೆದದ್ದೇನೂ ಇಲ್ಲದ ವಿಷಯಕ್ಕೆ ಸಂಶೋಧನಾ ವಿಧಾನ ಯಾವ್ದು ಅಂತೀರಿ?"

ಮೇಡಂ ಬಾಯಿ ತೆರೆದರು. ಮಾತು ಬರಲಿಲ್ಲ. ಒಂದು ಕ್ಷಣ... ಇನ್ನೊಂದು...

ನಾಟಕದವನ ರಕ್ತ. ಎದುರಿನವರಿಗೆ ಮಾತು ತಪ್ಪಿದಾಗ ಸುಮ್ಮನಿರುವುದುಂಟೇ? ಅವರ ಕುರ್ಚಿಯ ಹಿಂದೆ ಬಾಗಿ ಪಿಸುಗುಟ್ಟಿದೆ: "ಮೌಖಿಕ ಇತಿಹಾಸ ಮೇಡಂ, ಮೌಖಿಕ ಇತಿಹಾಸ!"

ನನ್ನ ಪಿಸುಮಾತು! ಬಾಗಿಲ ಬಳಿಯ ಗುಮಾಸ್ತರೂ ನಕ್ಕರು.

"ಇಲ್ಲಿ ಗೈಡ್ ಯಾರು, ವಿದ್ಯಾರ್ಥಿ ಯಾರು?" ಎಂದರು ತಜ್ಞರು.

ಮೇಡಂ ಮುಖ ಕೆಂಪಾಯಿತು. ತೀರ್ಮಾನ ಮುಂದಕ್ಕೆ ಹೋಯಿತು.

ಅದೇ ದಿನ, ಸಂಜೆ

ಅಮ್ಮನಿಗೆ ಹೇಳಿದೆ. ತಲೆ ಚಚ್ಚಿಕೊಂಡಳು.

"ಎತ್ತಿಕೊಟ್ಟಿದ್ದು ತಪ್ಪಲ್ಲ ಕಣೋ, ಸಭೆಗೆ ಕೇಳಿಸಿದ್ದು ತಪ್ಪು. ನಿನ್ನ ಗಂಟಲಿಗೆ ಪಿಸುಗುಟ್ಟು ಅನ್ನೋದೂ ಒಂದೇ, ಆನೆಗೆ ಬಚ್ಚಿಟ್ಕೋ ಅನ್ನೋದೂ ಒಂದೇ."

ಹೆಂಡತಿ ಒಳಗಿನಿಂದ: "ಇವರು ನಂಗೆ ಗುಟ್ಟು ಹೇಳಿದ್ರೆ ಪಕ್ಕದ ಮನೆಯವ್ರು ಹೂಂಗುಟ್ತಾರೆ ಅತ್ತೆ!"

ನಗಲಿ. ನಾಳೆಯೇ ಕ್ಷಮೆ ಕೇಳುವುದು.

ಆಗಸ್ಟ್ 18, ಸೋಮವಾರ. ಮಧ್ಯಾಹ್ನ

ಇಷ್ಟು ದಿನ ಮೇಡಂ ಬಾಗಿಲು ನನಗೆ ತೆರೆಯಲಿಲ್ಲ. ಇಂದು ಕರೆದರು. ಹೋದವನೇ ಕೈಮುಗಿದೆ.

"ತಪ್ಪಾಯ್ತು ಮೇಡಂ. ಸಭೆಯಲ್ಲಿ ಹಾಗೆ ಮಾಡಬಾರದಿತ್ತು."

"ಅದು ಬಿಡ್ರೀ. ವಿಷಯ ಬದಲಾಯಿಸಿ. 'ನಾಟಕಗಳಲ್ಲಿ ಸಾಮಾಜಿಕ ಪ್ರಜ್ಞೆ' ಅಂತ ಮಾಡ್ಕೊಳ್ಳಿ. ಪುಸ್ತಕ ಬೇಕಾದಷ್ಟಿವೆ. ಪ್ರಾಂಪ್ಟರ್ ಮೇಲೆ ಒಂದಾದ್ರೂ ಪುಸ್ತಕ ಇದೆಯಾ?"

"ಇಲ್ಲ ಮೇಡಂ. ಅದಕ್ಕೇ ಬರೀತಿರೋದು."

"ನಾಳೆ ಸಮಿತಿ ಮತ್ತೆ ಕೂರತ್ತೆ. ಹೊಸ ಶೀರ್ಷಿಕೆ ತನ್ನಿ. ಇಲ್ಲಾಂದ್ರೆ ನಾನು ನಿಮ್ಮ ಗೈಡ್ ಅಲ್ಲ."

ಗೈಡ್ ಇಲ್ಲದಿದ್ದರೆ ಸೀಟೂ ಇಲ್ಲ. ಇಬ್ಬರಿಗೂ ಗೊತ್ತು.

ಸ್ವಲ್ಪ ಮೆತ್ತಗಾದರು. "ನನ್ನ ಗೈಡೂ ಬದಲಾಯಿಸು ಅಂದ್ರು. ಬದಲಾಯಿಸಿದೆ. ನಾನೇನು ಸತ್ತೋದ್ನಾ?"

"ನಿಮ್ಮ ಮೊದಲಿನ ವಿಷಯ ಏನಿತ್ತು ಮೇಡಂ?"

ಪೆನ್ನಿನ ಮುಚ್ಚಳ ತೆಗೆದರು. ಹಾಕಿದರು. ತುಟಿ ಅಲುಗಿತು — ಸಾಲು ಬರಲಿಲ್ಲ. ಈ ಸಲ ಎತ್ತಿಕೊಡಲು ನನ್ನ ಬಳಿಯೂ ಇರಲಿಲ್ಲ.

"ನೀವಿನ್ನು ಹೊರಡಿ," ಎಂದರು.

ಅದೇ ದಿನ, ಸಂಜೆ

ಅಡಿಟಿಪ್ಪಣಿಯ ಉಪದೇಶ: "ಅಣ್ಣಾ, ಶೀರ್ಷಿಕೆ ಅವರದ್ದು ಹಾಕಿ, ಒಳಗೆ ನಿಮ್ಮದು ಬರೀರಿ. ಎಲ್ರೂ ಹಾಗೇ ಮಾಡೋದು."

"ಆಧಾರ?" ಎಂದೆ.

ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಸೀಟು ಹೋದ್ರೆ?"

"ಹೋಗಲಿ."

ಅಂದುಬಿಟ್ಟೆ. ಅಂದ ಮೇಲೆ ಲೆಕ್ಕ ಹಾಕಿದೆ. ಬಿಟ್ಟ ಕೆಲಸ ಮತ್ತೆ ಸಿಗುವುದಿಲ್ಲ. ಈ ವಯಸ್ಸಿನವನನ್ನು ಇನ್ಯಾವ ಗೈಡ್ ಹತ್ತಿರ ಸೇರಿಸುತ್ತಾರೆ? ಮನೆಯಲ್ಲಿ ಹೇಗೆ ಹೇಳುವುದು?

ಆದರೂ ಇಲ್ಲ. ಬೇರೆ ಹೆಸರಿನ ಅಡಿಯಲ್ಲಿ ಅಮ್ಮನನ್ನು ಕದ್ದು ಕೂರಿಸಲಾರೆ. ಅವಳು ಮರೆಯಲ್ಲಿ ನಿಂತದ್ದು ಸಾಕು. ಹೆಸರು ಹಿಡಿದೇ ಕರೆಯಬೇಕು, ದೀಪದ ಮುಂದೆ, ಎಲ್ಲರ ಎದುರಿಗೆ.

ನಾಳೆ ಬೆಳಿಗ್ಗೆ, ಸಮಿತಿ ಕೂರುವ ಮೊದಲೇ, ಮೇಡಂ ಕೋಣೆಗೆ ಹೋಗುತ್ತೇನೆ. ಪ್ರಾಂಪ್ಟರುಗಳ ಅದೇ ಹಳೇ ಶೀರ್ಷಿಕೆಯನ್ನು, ಒಂದಕ್ಷರ ಅಲುಗದಂತೆ, ಅವರ ಮೇಜಿನ ಮೇಲಿಡುತ್ತೇನೆ. ಸಹಿ ಹಾಕದಿದ್ದರೆ ಗೈಡಿಲ್ಲದವನಾಗಿಯೇ ಸಮಿತಿಯ ಮುಂದೆ ನಿಲ್ಲುತ್ತೇನೆ. ಹೊರಗೆ ಕಳಿಸಿದರೆ ಕಾರಿಡಾರಿನಿಂದಲೇ ಮಂಡಿಸುತ್ತೇನೆ. ಮೊದಲ ವಾಕ್ಯ ಹೀಗೆ ಶುರು — "ಮಹಾಜನಗಳೇ! ಪರದೆಯ ಮರೆಯಿಂದ ಈಗ ಹೊರಗೆ ಬರುತ್ತಿರುವವಳು, ನನ್ನ ಅಮ್ಮ..."